ಕ್ರೂಸ್‌ನ ಫಾರ್ಮಲ್ ನೈಟ್: ಸೂಟೋ, ಸೀರೆಯೋ, ಸೀದಾ ಬಫೆಯೋ?

ಕ್ರೂಸ್ ಬುಕ್ ಮಾಡಿದ ಮೇಲೆ ಕಂಪನಿಯಿಂದ ಒಂದು ಉದ್ದನೆಯ ಮೇಲ್ ಬರುತ್ತದೆ. ಅದರಲ್ಲಿ ಎಲ್ಲೋ ಮೂಲೆಯಲ್ಲಿ ‘ಫಾರ್ಮಲ್ ನೈಟ್’ ಅಂತ ಇರುತ್ತದೆ, ಅಂದರೆ ರಾತ್ರಿ ಊಟಕ್ಕೆ ಚೆನ್ನಾಗಿ ಉಟ್ಟು ತೊಟ್ಟು ಬರಬೇಕಾದ ದಿನ. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು. ಯಜಮಾನರಿಗೆ ಸೂಟ್ ಹೊಲಿಸಬೇಕಾ? ಅಮ್ಮನಿಗೆ ಗೌನ್ ಕೊಳ್ಳಬೇಕಾ? ಅಜ್ಜಿ ಸೀರೆಯಲ್ಲಿ ಬಂದರೆ ಒಳಗೆ ಬಿಡುತ್ತಾರಾ? ಐದು ವರ್ಷದ ಹುಡುಗನ ಕೊರಳಲ್ಲಿ ಟೈ ಎಷ್ಟು ನಿಮಿಷ ನಿಲ್ಲುತ್ತದೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕುಟುಂಬಗಳು ಈ ಒಂದು ಊಟಕ್ಕೆ ಅಂತ ಹೊಸದಾಗಿ ಕೊಳ್ಳಬೇಕಾದದ್ದು ಹೆಚ್ಚೇನೂ ಇಲ್ಲ. ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಅಂತ ಬೀರುವಿನಲ್ಲಿ ಇರುವುದೇ ಸಾಕು, ಎಷ್ಟೋ ಸಲ ಅದೇ ಜಾಸ್ತಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆ ವಿಷಯಗಳಿಗೆ. ಹತ್ತುವ ಹಡಗು ಯಾವುದು? ಸೂಟ್‌ಕೇಸ್‌ನಲ್ಲಿ ಜಾಗ ಎಷ್ಟಿದೆ? ಮನೆಯ ಅತಿ ಚಿಕ್ಕ ಮಗು ಎಷ್ಟು ಹೊತ್ತು ಕುರ್ಚಿಯಲ್ಲಿ ಕೂರುತ್ತದೆ?

ಮೊದಲು ಹಡಗು ನೋಡಿ, ಆಮೇಲೆ ಬೀರು ತೆಗೆಯಿರಿ

ಬಹಳ ಜನ ಅಂದುಕೊಂಡಿರುವ ಹಾಗೆ ಫಾರ್ಮಲ್ ನೈಟ್ ಇಡೀ ಹಡಗಿನ ನಿಯಮ ಅಲ್ಲ. ಹೆಚ್ಚಿನ ಕಂಪನಿಗಳಲ್ಲಿ ಅದು ಮೇನ್ ಡೈನಿಂಗ್ ರೂಮಿಗೆ ಮಾತ್ರ ಸಂಬಂಧಪಟ್ಟದ್ದು. ಬಿಳಿ ಮೇಜುಬಟ್ಟೆ ಹಾಸಿ, ವೇಟರ್ ಬಂದು ಬಡಿಸುವ ದೊಡ್ಡ ಊಟದ ಹಾಲ್ ಅದು. ಅದೇ ಹೊತ್ತಿನಲ್ಲಿ ಮೇಲಿನ ಡೆಕ್ಕಿನ ಬಫೆಯಲ್ಲಿ ಜನ ಟೀ ಶರ್ಟಿನಲ್ಲೇ ಆರಾಮಾಗಿ ಊಟ ಮಾಡುತ್ತಿರುತ್ತಾರೆ. ಯಾರೂ ಏನೂ ಕೇಳುವುದಿಲ್ಲ.

ಇದಕ್ಕೆ ದೊಡ್ಡ ಅಪವಾದ ಕ್ಯೂನಾರ್ಡ್ ಕಂಪನಿ. ಕ್ವೀನ್ ಮೇರಿ 2, ಕ್ವೀನ್ ವಿಕ್ಟೋರಿಯಾ, ಕ್ವೀನ್ ಎಲಿಜಬೆತ್, 2024ರಲ್ಲಿ ಬಂದ ಕ್ವೀನ್ ಆ್ಯನ್, ಈ ನಾಲ್ಕೂ ಅವರ ಹಡಗುಗಳು. ಬ್ರಿಟಿಷ್ ಸಂಪ್ರದಾಯವನ್ನು ಇವರು ಬಿಟ್ಟಿಲ್ಲ. ಸಂಜೆ 6ರ ಮೇಲೆ ಹಡಗಿನ ಹೆಚ್ಚಿನ ಭಾಗಕ್ಕೆ ಡ್ರೆಸ್ ಕೋಡ್ ಇರುತ್ತದೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೋಗುವ 7 ರಾತ್ರಿಗಳ ಪ್ರಯಾಣದಲ್ಲಿ ಸಾಮಾನ್ಯವಾಗಿ 2 ಗಾಲಾ ಸಂಜೆಗಳು, ಫಾರ್ಮಲ್ ನೈಟಿಗೆ ಅವರ ಹೆಸರು ಅದು. ಗಂಡಸರಿಗೆ ಡಿನ್ನರ್ ಜಾಕೆಟ್ ಅಥವಾ ಕಡುಬಣ್ಣದ ಸೂಟ್, ಜೊತೆಗೆ ಟೈ ಅಥವಾ ಬೋ. ಹೆಂಗಸರಿಗೆ ಈವನಿಂಗ್ ಗೌನ್ ಅಥವಾ ಕಾಕ್‌ಟೇಲ್ ಡ್ರೆಸ್. ಬ್ಲ್ಯಾಕ್ ಅಂಡ್ ವೈಟ್, ಮಾಸ್ಕ್ವೆರೇಡ್, ರೆಡ್ ಅಂಡ್ ಗೋಲ್ಡ್ ಅಂತ ಥೀಮ್ ಕೂಡ ಇಡುತ್ತಾರೆ. ಆದರೆ ಅವರ ನಿಯಮದಲ್ಲೇ ನಮಗೆ ಬೇಕಾದ ಒಂದು ಮಾತು ಇದೆ. ತಮ್ಮ ತಮ್ಮ ದೇಶದ ಸಾಂಪ್ರದಾಯಿಕ ಫಾರ್ಮಲ್ ಉಡುಪಿಗೂ ಅಲ್ಲಿ ಅವಕಾಶ ಉಂಟು. ಸ್ಕಾಟ್ಲೆಂಡಿನವರು ಕಿಲ್ಟ್ ಹಾಕಿಕೊಂಡು ಬರುತ್ತಾರೆ. ನಾವು ರೇಷ್ಮೆ ಸೀರೆಯಲ್ಲೋ, ಕೊರಳು ಮುಚ್ಚುವ ಬಂದ್‌ಗಲಾ ಕೋಟಿನಲ್ಲೋ ಹೋಗಬಹುದು. ಅಲಂಕಾರವೇ ಬೇಡ ಅನ್ನುವವರಿಗೆ ಬಫೆ ಮತ್ತು ಕೆಲವೇ ಕೆಲವು ಜಾಗಗಳು ತೆರೆದಿರುತ್ತವೆ, ಅಷ್ಟೆ.

ಪ್ರಿನ್ಸೆಸ್ ಕ್ರೂಸಸ್ ಇದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಅಲಾಸ್ಕಾಗೆ ಹೋಗುವ ಕನ್ನಡದವರಲ್ಲಿ ತುಂಬಾ ಜನ ಇವರ ಹಡಗು ಹತ್ತುತ್ತಾರೆ. 7 ರಾತ್ರಿಗೆ ಸಾಮಾನ್ಯವಾಗಿ 2 ಫಾರ್ಮಲ್ ನೈಟ್. ಸೂಟ್, ಗೌನ್ ಹಾಕುವವರು ಗಣನೀಯವಾಗಿಯೇ ಇರುತ್ತಾರೆ.

ರಾಯಲ್ ಕೆರಿಬಿಯನ್, ಕಾರ್ನಿವಲ್, ಎಂಎಸ್‌ಸಿ ಈ ಮೂರರಲ್ಲೂ ಚೆನ್ನಾಗಿ ಉಡುವ ರಾತ್ರಿ ಇದೆ, ಒತ್ತಾಯ ಕಡಿಮೆ. ಕಾರ್ನಿವಲ್‌ನವರು ಅದನ್ನು ‘ಕ್ರೂಸ್ ಎಲಿಗೆಂಟ್’ ಅನ್ನುತ್ತಾರೆ. ಎಂಎಸ್‌ಸಿಯಲ್ಲಿ ಗಾಲಾ ಜೊತೆಗೆ ಬಿಳಿ ಬಟ್ಟೆಯ ‘ವೈಟ್ ನೈಟ್’ ಕೂಡ ಜನಪ್ರಿಯ. 3ರಿಂದ 5 ರಾತ್ರಿಯ ಪ್ರಯಾಣವಾದರೆ ಇಂಥದ್ದು ಸಾಮಾನ್ಯವಾಗಿ ಒಂದೇ ಸಲ ಬರುತ್ತದೆ. ವಾರದ ಪ್ರಯಾಣಕ್ಕೆ ಎರಡು ಸಲ. ಒಬ್ಬರು ಟಕ್ಸೀಡೋದಲ್ಲಿ (ಡಿನ್ನರ್ ಜಾಕೆಟ್ಟಿಗೆ ಅಮೆರಿಕದವರ ಹೆಸರು) ಇರುತ್ತಾರೆ, ಪಕ್ಕದ ಮೇಜಿನಲ್ಲಿ ಇನ್ನೊಬ್ಬರು ಬರೀ ಕಾಲರ್ ಶರ್ಟಿನಲ್ಲಿ. ಬಾಗಿಲಲ್ಲಿ ತಡೆಯುವುದು ಈಜುಡುಗೆ, ಬನಿಯನ್ ತರಹದ ತೋಳಿಲ್ಲದ ಶರ್ಟು, ಹವಾಯಿ ಚಪ್ಪಲಿ, ಬೇಸ್‌ಬಾಲ್ ಟೋಪಿ ಇಂಥವನ್ನು.

ಡಿಸ್ನಿ ಕ್ರೂಸ್ ಬೇರೆಯೇ ಲೋಕ. ಅಲ್ಲಿ ಅಲಂಕಾರ ಮಕ್ಕಳಿಗಾಗಿ. ಹುಡುಗಿಯರು ರಾಜಕುಮಾರಿಯ ಗೌನಿನಲ್ಲಿ ಊಟಕ್ಕೆ ಬರುತ್ತಾರೆ. ಬಹಾಮಾಸ್, ಕೆರಿಬಿಯನ್ ಪ್ರಯಾಣಗಳಲ್ಲಿ ಒಂದು ರಾತ್ರಿ ಕಡಲ್ಗಳ್ಳರ ವೇಷ. ವಾರದ ಪ್ರಯಾಣದಲ್ಲಿ ಒಂದು ಫಾರ್ಮಲ್, ಒಂದು ಸೆಮಿ ಫಾರ್ಮಲ್ ಇರುವುದು ರೂಢಿ. ಆದರೂ ದೊಡ್ಡವರ ಮೇಲೆ ಒತ್ತಡ ಇಲ್ಲ.

ನಾರ್ವೀಜಿಯನ್ ಕ್ರೂಸ್ ಲೈನ್ 2000ದಲ್ಲಿ ‘ಫ್ರೀಸ್ಟೈಲ್’ ಅಂತ ಶುರು ಮಾಡಿ ಈ ಗೋಜನ್ನೇ ತೆಗೆದುಹಾಕಿತು. ಕಡ್ಡಾಯ ಫಾರ್ಮಲ್ ನೈಟ್ ಇಲ್ಲ, ಊಟದ ಹೊತ್ತು, ಮೇಜು ಎಲ್ಲ ನಿಮ್ಮಿಷ್ಟ. ಸೂಟ್ ಅಂದರೆ ಮೈ ಉರಿಯುವ ಗಂಡಸರಿರುವ ಮನೆಗೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ನಮ್ಮ ಹತ್ತಿರದವು. ಕಾರ್ಡೇಲಿಯಾ 2021ರಿಂದ ಮುಂಬೈ ಮುಖ್ಯ ನೆಲೆಯಾಗಿ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಓಡಾಡುತ್ತಿದೆ. ಸಿಂಗಾಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್ ಕೂಡ ನಮ್ಮವರಿಗೆ ಚಿರಪರಿಚಿತ. ಎರಡರಲ್ಲೂ ರಾತ್ರಿ ಊಟಕ್ಕೆ ಸ್ಮಾರ್ಟ್ ಕ್ಯಾಶುವಲ್ ಸಾಕು. ಅಂದರೆ ಪ್ಯಾಂಟು ಶರ್ಟು, ಚೂಡಿದಾರ್, ಸಾದಾ ಸೀರೆ. ಇದಕ್ಕೆ ಸೂಟ್ ಹೊತ್ತುಕೊಂಡು ಹೋಗುವುದು ಸುಮ್ನೆ ಭಾರ. ಬೆಂಗಳೂರಿನಿಂದ ಮುಂಬೈಗೆ ಎಕಾನಮಿಯಲ್ಲಿ ಹಾರಿದರೆ ಚೆಕ್ ಇನ್ ಬ್ಯಾಗಿಗೆ ಸಿಗುವುದೇ ಸಾಮಾನ್ಯವಾಗಿ 15 ಕಿಲೋ. ಒಂದು ಸೂಟು, ಅದರ ಚರ್ಮದ ಶೂ ಸೇರಿದರೆ ಎರಡು ಮೂರು ಕಿಲೋ ಅಲ್ಲೇ ಹೋಯಿತು.

ಹೆಂಗಸರಿಗೆ: ಸೀರೆಯೇ ಗೆಲ್ಲುತ್ತದೆ, ಆದರೆ ಎಲ್ಲ ಸೀರೆಯೂ ಅಲ್ಲ

ರೇಷ್ಮೆ ಸೀರೆ ಉಟ್ಟವರನ್ನು ಯಾವ ಹಡಗಿನ ಊಟದ ಹಾಲಿನಲ್ಲೂ ಕಡಿಮೆ ಅನ್ನುವ ಹಾಗಿಲ್ಲ. ಕ್ಯೂನಾರ್ಡ್ ಇರಲಿ, ಪ್ರಿನ್ಸೆಸ್ ಇರಲಿ. ಗೌನ್ ಹಾಕಿದ ನೂರು ಜನರ ಮಧ್ಯೆ ಒಂದು ಸೀರೆ ಬಂದರೆ ತಿರುಗಿ ನೋಡುತ್ತಾರೆ, ‘ಎಷ್ಟು ಚೆನ್ನಾಗಿದೆ’ ಅಂತ ಲಿಫ್ಟಿನಲ್ಲಿ ಮಾತಾಡಿಸುತ್ತಾರೆ. ಕೆಲವರಿಗೆ ಅದು ಖುಷಿ, ಕೆಲವರಿಗೆ ಮುಜುಗರ. ನಿಮ್ಮ ಸ್ವಭಾವ ನೋಡಿಕೊಳ್ಳಿ.

ಯಾವ ಸೀರೆ ಅನ್ನುವುದು ಮುಖ್ಯ. ಅಗಲ ಜರಿಯ ಕಂಚಿ ಸೀರೆ ನೋಡಲು ಭರ್ಜರಿ. ಪ್ರಯಾಣಕ್ಕೆ ಮಾತ್ರ ಕಷ್ಟ. ಭಾರ ಜಾಸ್ತಿ, ಮಡಿಸಿದ ಗೆರೆಯಲ್ಲಿ ಜರಿ ಮುರಿಯುವ ಭಯ, ಜೊತೆಗೆ ನೆರಿಗೆ ಬಿರುಸಾಗಿ ನಿಂತುಬಿಡುತ್ತದೆ. ಹಡಗಿನ ಕ್ಯಾಬಿನ್ನು ನಮ್ಮ ಬೆಡ್‌ರೂಮಿನಷ್ಟು ದೊಡ್ಡದಲ್ಲ. ಮಂಚಕ್ಕೂ ಗೋಡೆಗೂ ನಡುವೆ ಇರುವ ಒಂದಿಷ್ಟು ಜಾಗದಲ್ಲಿ ಗಂಡ ಶೂ ಹಾಕುತ್ತಿರುತ್ತಾನೆ, ಮಗು ನೆಲದಲ್ಲಿ ಆಡುತ್ತಿರುತ್ತದೆ. ಅಲ್ಲಿ ನಿಂತು ಕಂಚಿ ಸೀರೆಯ ನೆರಿಗೆ ಹಿಡಿಯುವುದು ತಾಳ್ಮೆಯ ಪರೀಕ್ಷೆ.

ನನ್ನ ಕೈಯಲ್ಲಿದ್ದರೆ ಎಲ್ಲರಿಗೂ ಮೈಸೂರು ಸಿಲ್ಕ್ ಹೇಳುತ್ತೇನೆ. ಸಾದಾ ಒಡಲು, ಸಣ್ಣ ಜರಿ ಅಂಚು. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಸೀರೆಯನ್ನು ಈಗ ಕೆಎಸ್‌ಐಸಿ ಮಳಿಗೆಗಳಲ್ಲಿ ಮಾರುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ. ಅದರ ಕ್ರೇಪ್ ಬಟ್ಟೆಗೆ ಬಳಸುವ ನೂಲನ್ನು ಬಿಗಿಯಾಗಿ ಹುರಿ ಮಾಡಿರುತ್ತಾರೆ. ಹಾಗಾಗಿ ಬಟ್ಟೆ ಮೈಗೆ ಹೊಂದಿಕೊಂಡು ಬೀಳುತ್ತದೆ, ಸುಕ್ಕು ಬೇಗ ಬಿಡುತ್ತದೆ, ನೆರಿಗೆ ಒಂದೇ ಸಲಕ್ಕೆ ಕೂರುತ್ತದೆ. ಸುರುಳಿ ಸುತ್ತಿ ಸೂಟ್‌ಕೇಸಿನ ಮೂಲೆಯಲ್ಲಿ ಇಟ್ಟರೂ ನಡೆಯುತ್ತದೆ. ಕಪ್ಪು ಅಥವಾ ಕಡು ನೇರಳೆ ಮೈಸೂರು ಸಿಲ್ಕ್ ಇದ್ದರೆ ಕ್ಯೂನಾರ್ಡಿನ ಬ್ಲ್ಯಾಕ್ ಅಂಡ್ ವೈಟ್ ರಾತ್ರಿಗೂ ಹೆಚ್ಚುಕಮ್ಮಿ ಹೊಂದುತ್ತದೆ. ಕೆಂಪು ಸೀರೆಗೆ ಚಿನ್ನದ ಅಂಚು ಇದ್ದರಂತೂ ರೆಡ್ ಅಂಡ್ ಗೋಲ್ಡ್‌ಗೆ ಬೇರೆ ಏನೂ ಹುಡುಕಬೇಕಾಗಿಲ್ಲ. ಆ ಥೀಮ್ ನಮ್ಮ ಬೀರು ನೋಡಿಯೇ ಇಟ್ಟಂತಿದೆ.

ಇಳಕಲ್ ಸೀರೆ ಫಾರ್ಮಲ್ ಅಲ್ಲದ ರಾತ್ರಿಗಳಿಗೆ ಒಳ್ಳೆಯದು. ಹಗುರ, ಒಗೆಯಬಹುದು, ತೋಪು ತೆನೆ ಸೆರಗಿನ ಅಂದ ಬೇರೆ. ಗಾಲಾ ರಾತ್ರಿಗೆ ಪೂರ್ತಿ ರೇಷ್ಮೆಯದ್ದಾದರೆ ಸರಿ. ನೂಲಿನದ್ದು ಸ್ವಲ್ಪ ಸಾದಾ ಅನ್ನಿಸಬಹುದು.

ಈಗ ನಮ್ಮ ಊರುಗಳಲ್ಲಿ ಸೀರೆಗೆ ಮೊದಲೇ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಪೆಟ್ಟಿಗೆಯಾಕಾರಕ್ಕೆ ಮಡಿಸಿ ಕೊಡುವವರು ಇದ್ದಾರೆ. ಮದುವೆ ಸೀಸನ್ನಿನಲ್ಲಿ ಅವರಿಗೆ ಬಿಡುವೇ ಇರುವುದಿಲ್ಲ. ಕ್ರೂಸಿಗೆ ಹೊರಡುವ ಮೊದಲು ಒಂದು ಸೀರೆಯನ್ನು ಹಾಗೆ ಮಾಡಿಸಿಟ್ಟುಕೊಂಡರೆ ಕ್ಯಾಬಿನ್ನಿನಲ್ಲಿ ಐದೇ ನಿಮಿಷದ ಕೆಲಸ. ಈ ಇಡೀ ಬರಹದಲ್ಲಿ ಹಣ ಖರ್ಚು ಮಾಡಿ ಅಂತ ನಾನು ಮನಸ್ಸಿಟ್ಟು ಹೇಳುವ ವಿಷಯ ಇದೊಂದೇ.

ಸೀರೆಗೆ ಅಡ್ಡಿ ಮೂರು ಕಡೆ ಬರುತ್ತದೆ. ಕ್ಯಾಬಿನ್ನಿನ ಬಾತ್‌ರೂಮಿಗೆ ಎತ್ತರದ ಹೊಸ್ತಿಲು ಇರುತ್ತದೆ, ನೆರಿಗೆ ಕಾಲಿಗೆ ಸಿಕ್ಕಿದರೆ ಎಡವುವುದು ಗ್ಯಾರಂಟಿ. ಹೊರಗಿನ ಡೆಕ್ಕಿನಲ್ಲಿ ಗಾಳಿ ಜೋರು, ಸೆರಗಿಗೆ ಎರಡು ಪಿನ್ ಜಾಸ್ತಿಯೇ ಹಾಕಿ. ಮೂರನೆಯದು ಚಪ್ಪಲಿ. ಸಮುದ್ರ ಸ್ವಲ್ಪ ಒರಟಾಗಿದ್ದರೆ ಸೂಜಿ ಹೀಲ್ಸ್‌ನಲ್ಲಿ ಮೆಟ್ಟಿಲು ಇಳಿಯುವುದು ಅಪಾಯ. ಅಗಲ ಹೀಲ್ ಅಥವಾ ಚಪ್ಪಟೆ ಸ್ಯಾಂಡಲ್ ಸಾಕು, ಸೀರೆಯ ಕೆಳಗೆ ಯಾರು ನೋಡುತ್ತಾರೆ?

ಸೀರೆ ಅಭ್ಯಾಸವೇ ಇಲ್ಲದವರಿಗೆ ಗೌನಿಗಿಂತ ಮೊದಲು ಅನಾರ್ಕಲಿ ನೋಡಿ. ಪಾದದವರೆಗೆ ಬರುತ್ತದೆ, ಗೌನಿನ ಗಾಂಭೀರ್ಯ ಇರುತ್ತದೆ, ಕೂತು ಏಳಲು ಸಲೀಸು, ಆಮೇಲೆ ಊರಿನಲ್ಲಿ ಹಬ್ಬಕ್ಕೂ ಆಗುತ್ತದೆ. ಲೆಹೆಂಗಾ ನಾನು ಶಿಫಾರಸು ಮಾಡುವುದಿಲ್ಲ. ಅರ್ಧ ಸೂಟ್‌ಕೇಸನ್ನು ಅದೊಂದೇ ನುಂಗುತ್ತದೆ, ಊಟದ ಹಾಲಿನಲ್ಲಿ ಕುರ್ಚಿಗಳ ನಡುವೆ ನಡೆಯುವುದೂ ತಾಪತ್ರಯ. ಗೌನ್ ಇಷ್ಟಪಟ್ಟು ಹಾಕುವವರು ಹಾಕಲಿ, ಚೆನ್ನಾಗಿಯೇ ಇರುತ್ತದೆ. ‘ಅಲ್ಲಿ ಎಲ್ಲರೂ ಹಾಕುತ್ತಾರೆ’ ಅಂತ ಮಾತ್ರ ಕೊಳ್ಳಬೇಡಿ. ಒಂದು ಸಲ ಹಾಕಿದ ಗೌನ್ ಮತ್ತೆ ಎಲ್ಲಿ ಹಾಕುತ್ತೀರಿ ಅನ್ನುವ ಪ್ರಶ್ನೆಗೆ ಉತ್ತರ ಇದ್ದರೆ ಕೊಳ್ಳಿ.

ಯಾವುದೇ ಉಡುಪಿರಲಿ, ಒಂದು ಶಾಲು ಜೊತೆಗಿರಲಿ. ಊಟದ ಹಾಲಿನ ಎಸಿ ಕೊರೆಯುತ್ತದೆ.

ಒಡವೆಯ ವಿಷಯ ಬೇಗ ಮುಗಿಸುತ್ತೇನೆ. ಚಿನ್ನ ಮನೆಯಲ್ಲಿ, ಒನ್ ಗ್ರಾಮ್ ಗೋಲ್ಡ್ ಹಡಗಿನಲ್ಲಿ. ಕ್ಯಾಬಿನ್ನಿನಲ್ಲಿ ಪುಟ್ಟ ಲಾಕರ್ ಇರುತ್ತದೆ ನಿಜ. ಆದರೂ ವಿಮಾನ, ಕಸ್ಟಮ್ಸ್, ಬಂದರು ಎಲ್ಲ ದಾಟಿಸಿ ಒಂದು ರಾತ್ರಿಯ ಊಟಕ್ಕೆ ಕಾಸಿನ ಸರ ಹೊತ್ತು ತಿರುಗುವ ತಲೆಬಿಸಿ ಯಾಕೆ ಅಲ್ವಾ?

ಗಂಡಸರಿಗೆ: ಟಕ್ಸೀಡೋ, ಸೂಟ್, ಬಂದ್‌ಗಲಾ, ಪಂಚೆ

ಟಕ್ಸೀಡೋ ಬೇಕಾಗಿಲ್ಲ. ಕ್ಯೂನಾರ್ಡಿನಲ್ಲಿ ಕೂಡ ಕಡುಬಣ್ಣದ ಸೂಟಿಗೆ ಟೈ ಹಾಕಿದರೆ ಒಳಗೆ ಬಿಡುತ್ತಾರೆ. ಟಕ್ಸೀಡೋ ಜೊತೆ ಸೊಂಟಕ್ಕೆ ಕಟ್ಟುವ ಅಗಲದ ರೇಷ್ಮೆ ಪಟ್ಟಿ ಬ್ರಿಟಿಷ್ ಅಧಿಕಾರಿಗಳು ನಮ್ಮ ದೇಶದಲ್ಲಿ ನೋಡಿ ಕಲಿತುಕೊಂಡು ಹೋದದ್ದು. ನಮ್ಮ ಪಟ್ಟಿಯನ್ನೇ ಬಾಡಿಗೆ ಕೊಟ್ಟು ಕಟ್ಟಿಕೊಳ್ಳುವ ಆಸೆ ಇದ್ದವರು ಕಟ್ಟಿಕೊಳ್ಳಬಹುದು.

ನಿಜವಾದ ಪೈಪೋಟಿ ಇರುವುದು ಸೂಟಿಗೂ ಬಂದ್‌ಗಲಾಕ್ಕೂ. ಮದುವೆಯ ಆರತಕ್ಷತೆಗೆ ಹೊಲಿಸಿದ ಸೂಟ್ ಇನ್ನೂ ಹಿಡಿಸುತ್ತಿದ್ದರೆ ಅದನ್ನೇ ತೆಗೆದುಕೊಂಡು ಹೋಗಿ, ಯೋಚನೆ ಬೇಡ. ಹೊರಡುವ ತಿಂಗಳ ಮುಂಚೆ ಒಮ್ಮೆ ಹಾಕಿ ಗುಂಡಿ ಹಾಕಿ ನೋಡಿ. ಹೊಟ್ಟೆಯ ಹತ್ತಿರ ಬಿಗಿಯಾಗಿದ್ದರೆ ಟೈಲರಿಗೆ ಬಿಡಿಸಲು ಸಮಯ ಸಿಗುತ್ತದೆ. ಸೂಟ್ ಇಲ್ಲದವರಿಗೆ ಬಂದ್‌ಗಲಾ ಎಲ್ಲ ರೀತಿಯಲ್ಲೂ ಮೇಲು. ಟೈ ಬೇಡ. ಒಳಗಿನ ಶರ್ಟ್ ಎಂಥದ್ದಿದ್ದರೂ ಕಾಣುವುದಿಲ್ಲ. ನಮ್ಮ ರಾಯಭಾರಿಗಳು ಹೊರದೇಶದ ಅಧಿಕೃತ ಸಮಾರಂಭಗಳಿಗೆ ಹಾಕಿಕೊಳ್ಳುವುದು ಇದನ್ನೇ. ಹಾಗಾಗಿ ಫಾರ್ಮಲ್ ಅಲ್ಲ ಅಂತ ಯಾರೂ ತಕರಾರು ತೆಗೆಯಲಾರರು. ಕಪ್ಪು, ಕಡುನೀಲಿ ಆರಿಸಿಕೊಳ್ಳಿ. ಕೆಳಗೆ ಮಾಮೂಲಿ ಫಾರ್ಮಲ್ ಪ್ಯಾಂಟು ಸಾಕು, ಜೋಧ್‌ಪುರಿ ಚಲ್ಲಣ ಬೇಡ. ಊರಿಗೆ ಬಂದ ಮೇಲೆ ತಂಗಿಯ ಮದುವೆಗೂ ಆಗುತ್ತದೆ.

ಬರೀ ಕೈಯಿಲ್ಲದ ನೆಹರೂ ಜಾಕೆಟ್ಟನ್ನು ಜುಬ್ಬಾದ ಮೇಲೆ ಹಾಕಿದರೆ? ರಾಯಲ್ ಕೆರಿಬಿಯನ್, ಕಾರ್ನಿವಲ್, ಎಂಎಸ್‌ಸಿಗೆ ಧಾರಾಳ ಸಾಕು. ಹಗುರ ಬೇರೆ. ಕ್ಯೂನಾರ್ಡಿನ ಗಾಲಾಕ್ಕೆ ಸ್ವಲ್ಪ ಕಡಿಮೆ ಆಯಿತು ಅನ್ನಿಸುತ್ತದೆ. ಶೇರ್ವಾನಿ ಮಾತ್ರ ಮದುಮಗನಿಗೇ ಇರಲಿ.

ಪಂಚೆಯ ಬಗ್ಗೆ ಹಿರಿಯರು ಕೇಳುತ್ತಾರೆ. ರೇಷ್ಮೆ ಪಂಚೆ, ರೇಷ್ಮೆ ಜುಬ್ಬಾ, ಹೆಗಲ ಮೇಲೆ ಜರಿ ಶಲ್ಯ ಹಾಕಿದರೆ ಅದಕ್ಕಿಂತ ಫಾರ್ಮಲ್ ಏನಿದೆ? ಸಾಂಪ್ರದಾಯಿಕ ಉಡುಪು ಒಪ್ಪುವ ಹಡಗಿನಲ್ಲಿ ಇದೂ ಸಲ್ಲಬೇಕು. ಆದರೆ ಬಾಗಿಲಲ್ಲಿ ನಿಂತ ಫಿಲಿಪ್ಪೀನ್ಸಿನ ಹುಡುಗನಿಗೋ ಪೋರ್ಚುಗಲ್ಲಿನ ಮೇಲ್ವಿಚಾರಕನಿಗೋ ಪಂಚೆ ಏನೆಂದು ಗೊತ್ತಿರಬೇಕಾಗಿಲ್ಲ. ಅವನ ಕಣ್ಣು ಮೊದಲು ಹೋಗುವುದು ಕಾಲಿನ ಕಡೆ. ಹವಾಯಿ ಚಪ್ಪಲಿ ಕಂಡರೆ ಬೀಚಿನಿಂದ ಬಂದವರು ಅಂದುಕೊಳ್ಳುತ್ತಾನೆ. ಮುಂದೆ ಮುಚ್ಚಿದ ಮೊಜ್ರಿಯೋ ಕಪ್ಪು ಶೂವೋ ಇದ್ದರೆ ಅರ್ಧ ಸಮಸ್ಯೆ ಮುಗಿಯಿತು. ಹತ್ತಿದ ಮೊದಲ ದಿನವೇ ಊಟದ ಹಾಲಿನ ಮುಖ್ಯಸ್ಥರನ್ನು ಕಂಡು, ಫೋನಿನಲ್ಲಿ ಒಂದು ಫೋಟೋ ತೋರಿಸಿ ಕೇಳಿಬಿಡುವುದು ಒಳ್ಳೆಯದು. ಉಡುವಾಗ ವೆಲ್ಕ್ರೋ ಪಂಚೆ ಆರಿಸಿ. ಡೆಕ್ಕಿನ ಗಾಳಿಗೆ ಬರೀ ಗಂಟಿನ ಪಂಚೆ ನಂಬುವಂಥದ್ದಲ್ಲ.

ಸೂಟನ್ನು ಬಾಡಿಗೆಗೆ ತರಬಹುದಾ? ಬೆಂಗಳೂರಿನಲ್ಲಿ ಮದುವೆಗೆ ಬಾಡಿಗೆ ಸೂಟ್ ಕೊಡುವ ಅಂಗಡಿಗಳು ಇವೆ. ಆದರೆ ಬಾಡಿಗೆ ದಿನದ ಲೆಕ್ಕ. ನೀವು ಹಾಕುವುದು ಒಂದು ಸಂಜೆ, ಬಾಡಿಗೆ ಕಟ್ಟುವುದು ಹೋಗಿ ಬರುವ ಅಷ್ಟೂ ದಿನಕ್ಕೆ. ಲೆಕ್ಕ ಹಾಕಿದರೆ ಹೊಲಿಸುವುದೇ ವಾಸಿ ಅನ್ನಿಸುವ ಹಂತಕ್ಕೆ ಬಂದುಬಿಡುತ್ತದೆ.

ಅಜ್ಜ, ಅಜ್ಜಿ

ಅಮೆರಿಕದಲ್ಲಿರುವ ಮಗನ ಮನೆಗೆ ಬೇಸಿಗೆಯಲ್ಲಿ ಬಂದ ಅಪ್ಪ ಅಮ್ಮನನ್ನು ಮಯಾಮಿಯಿಂದಲೋ ಸಿಯಾಟಲ್‌ನಿಂದಲೋ ಕ್ರೂಸಿಗೆ ಕರೆದುಕೊಂಡು ಹೋಗುವುದು ಈಗ ಮಾಮೂಲು. ಅಂಥವರಲ್ಲಿ ಅತಿ ಹೆಚ್ಚು ಗಾಬರಿ ಬೀಳುವವರು ಅಜ್ಜಿಯರು. ನಿಜ ಹೇಳಬೇಕೆಂದರೆ ಇಡೀ ಕುಟುಂಬದಲ್ಲಿ ಫಾರ್ಮಲ್ ನೈಟಿಗೆ ಸದಾ ಸಿದ್ಧವಾಗಿ ಇರುವವರು ಅವರೊಬ್ಬರೇ. ಅವರ ಮಾಮೂಲಿ ಬಿನ್ನಿ ಸಿಲ್ಕ್ ಅಥವಾ ಮೈಸೂರು ಸಿಲ್ಕ್ ಸಾಕು. ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡೇ ಬರಲಿ ಬಿಡಿ. ಜಾರುವ ನೆಲದಲ್ಲಿ ಮೊಣಕಾಲು ನೋವಿನವರಿಗೆ ಅದೇ ಸರಿ. ಮೇಜಿನ ಕೆಳಗೆ ಡ್ರೆಸ್ ಕೋಡ್ ನೋಡಲು ಯಾರೂ ಬಗ್ಗುವುದಿಲ್ಲ. ಅಲಾಸ್ಕಾಗೆ ಹೋಗುವುದಾದರೆ ರವಿಕೆಯ ಒಳಗೆ ತೆಳ್ಳನೆಯ ಥರ್ಮಲ್ ಹಾಕಿಸಿ, ಮೇಲೆ ಕಾರ್ಡಿಗನ್ ಬದಲು ಒಂದು ಪಶ್ಮಿನಾ.

ಅಜ್ಜನಿಗೆ ಕೋಟು ಹಾಕಲು ಇಷ್ಟವಿಲ್ಲದಿದ್ದರೆ ಪೂರ್ತಿ ತೋಳಿನ ಬಿಳಿ ಶರ್ಟು, ಕಪ್ಪು ಪ್ಯಾಂಟು, ಮೇಲೊಂದು ನೆಹರೂ ಜಾಕೆಟ್. ಅಮೆರಿಕದ ಸಾಮಾನ್ಯ ಹಡಗುಗಳಲ್ಲಿ ಇದಕ್ಕೆ ಯಾರೂ ಬೆರಳು ತೋರಿಸುವುದಿಲ್ಲ.

ಮಕ್ಕಳು

ಮಕ್ಕಳ ಬಟ್ಟೆ ಆರಿಸುವಾಗ ಫೋಟೋ ಮರೆತುಬಿಡಿ. ಡೈನಿಂಗ್ ರೂಮಿನ ಊಟ ಸೂಪು, ಮುಖ್ಯ ಊಟ, ಸಿಹಿ ಅಂತ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಆ ಎರಡು ಗಂಟೆ ಚುಚ್ಚದ, ಬಿಗಿಯದ, ಚೆಲ್ಲಿದರೆ ನೀವು ಬೈಯದ ಬಟ್ಟೆ ಬೇಕು.

ಹುಡುಗರಿಗೆ ಪುಟ್ಟ ತ್ರೀ ಪೀಸ್ ಸೂಟ್ ಬಹಳ ಮುದ್ದಾಗಿ ಕಾಣುತ್ತದೆ. ಮುಂದಿನ ವರ್ಷಕ್ಕೆ ಚಿಕ್ಕದಾಗುತ್ತದೆ. ಸೂಪು ಬರುವ ಹೊತ್ತಿಗೆ ಕೋಟು ಕುರ್ಚಿಯ ಮೇಲೆ, ಟೈ ಅಮ್ಮನ ಪರ್ಸಿನಲ್ಲಿ. ಅದಕ್ಕಿಂತ ಎಲಾಸ್ಟಿಕ್ ಸೊಂಟದ ಪೈಜಾಮ, ಮೆತ್ತನೆಯ ಹತ್ತಿ ಜುಬ್ಬಾ ಎಷ್ಟೋ ಮೇಲು. ಹುಡುಗಿಯರಿಗೆ ರೇಷ್ಮೆ ಲಂಗ, ರವಿಕೆ ಇದ್ದರೆ ಹಡಗಿನ ಅರ್ಧ ಸಿಬ್ಬಂದಿ ಬಂದು ಮಾತಾಡಿಸುತ್ತಾರೆ. ಜರಿ ಚುಚ್ಚುತ್ತದೆ ಅಂತ ಅಳುವ ಮಗುವಾದರೆ ಒಳಗೆ ಹತ್ತಿ ಲೈನಿಂಗ್ ಇದೆಯಾ ನೋಡಿ, ಇಲ್ಲದಿದ್ದರೆ ಸಾದಾ ಫ್ರಾಕ್ ಹಾಕಿ. ಡಿಸ್ನಿ ಹಡಗಿನಲ್ಲಿ ನೀವು ಲಂಗ ತೆಗೆದುಕೊಂಡು ಹೋದರೂ ಅವಳು ಕೇಳುವುದು ಎಲ್ಸಾ ಗೌನನ್ನೇ. ಜಗಳ ಆಡಬೇಡಿ.

ಹದಿಹರೆಯದವರ ಜೊತೆ ರಾಜಿಯೇ ದಾರಿ. ಕಪ್ಪು ಪ್ಯಾಂಟು, ಕಾಲರ್ ಶರ್ಟು. ಜೀನ್ಸೇ ಬೇಕು ಅಂದರೆ ಹರಿದಿರದ ಕಡುಬಣ್ಣದ್ದು. ಕಾರ್ನಿವಲ್, ರಾಯಲ್ ಕೆರಿಬಿಯನ್‌ನಲ್ಲಿ ಸಾಮಾನ್ಯವಾಗಿ ಹೇಗೋ ನಡೆದುಹೋಗುತ್ತದೆ. ಕ್ಯೂನಾರ್ಡಿನ ಗಾಲಾ ರಾತ್ರಿಯಲ್ಲಿ ನಡೆಯುವುದಿಲ್ಲ.

ಇನ್ನೊಂದು ಉಪಾಯ ಬಟ್ಟೆಗೆ ಸಂಬಂಧಪಡದ್ದು. ಬುಕ್ ಮಾಡುವಾಗಲೇ ಬೇಗನೆ ಊಟಕ್ಕೆ ಕೂರುವ ಸರದಿ ಆರಿಸಿಕೊಳ್ಳಿ, ಸಂಜೆ ಆರರ ಸುಮಾರಿಗೆ. ಎರಡನೆಯ ಸರದಿ ಎಂಟು, ಎಂಟೂವರೆಗೆ ಶುರುವಾಗುತ್ತದೆ. ಅಷ್ಟೊತ್ತಿಗೆ ಮಗು ಯಾವ ಬಟ್ಟೆಯಲ್ಲಿದ್ದರೂ ಮೇಜಿನ ಮೇಲೆ ಮಲಗಿರುತ್ತದೆ. ಡಿಸ್ನಿಯಲ್ಲಿ ಎರಡನೆಯ ಸರದಿಯವರ ಮಕ್ಕಳಿಗೆ ಬೇಗ ಊಟ ಕೊಟ್ಟು, ಅಲ್ಲಿಂದಲೇ ಕಿಡ್ಸ್ ಕ್ಲಬ್ಬಿಗೆ ಕರೆದುಕೊಂಡು ಹೋಗುವ ‘ಡೈನ್ ಅಂಡ್ ಪ್ಲೇ’ ಇದೆ. ಕ್ಯೂನಾರ್ಡಿನಲ್ಲಿ ಸಂಜೆ ಮಕ್ಕಳಿಗೇ ಬೇರೆ ಊಟದ ಹೊತ್ತು ಇರುತ್ತದೆ. ಚಿಕ್ಕವರಿಗೆ ಅಲ್ಲಿ ತಿನ್ನಿಸಿ, ದೊಡ್ಡವರು ಆಮೇಲೆ ನೆಮ್ಮದಿಯಾಗಿ ಉಟ್ಟು ತೊಟ್ಟು ಹೋಗಬಹುದು.

ಹೋಗದೇ ಇರುವುದೂ ಒಂದು ಆಯ್ಕೆ

ಬಫೆಗೆ ಹೋದರೆ ಸೋತ ಹಾಗೆ ಅಂತ ಕೆಲವರು ಭಾವಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ವರ್ಷದ ಮಗು ಇದ್ದರೆ, ಯಾರಿಗಾದರೂ ಹೊಟ್ಟೆ ತೊಳಸುತ್ತಿದ್ದರೆ, ಅವತ್ತು ದಿನವಿಡೀ ಬಂದರಿನಲ್ಲಿ ಸುತ್ತಿ ಸುಸ್ತಾಗಿದ್ದರೆ ಬಫೆಯೇ ಸರಿ. ಸಸ್ಯಾಹಾರಿಗಳಿಗೆ ಒಂದು ಲಾಭವೂ ಇದೆ. ಬಫೆಯಲ್ಲಿ ಕಣ್ಣಾರೆ ನೋಡಿ ಬಡಿಸಿಕೊಳ್ಳಬಹುದು, ಬೇಳೆ ಪಲ್ಯ ಏನಾದರೂ ಇದ್ದೇ ಇರುತ್ತದೆ.

ಡೈನಿಂಗ್ ರೂಮಿಗೂ ಅದರದ್ದೇ ಆದ ಲಾಭ ಇದೆ. ಹಳೆಯ ಪದ್ಧತಿಯಲ್ಲಿ ಪ್ರತಿ ರಾತ್ರಿ ಒಂದೇ ಮೇಜು, ಒಂದೇ ವೇಟರ್. ಆ ವೇಟರ್ ಭಾರತದವನೇ ಆಗಿರುವ ಸಾಧ್ಯತೆ ಬಹಳ, ಗೋವಾದವನೋ ಮಂಗಳೂರು ಕಡೆಯವನೋ ಆದರೂ ಆಶ್ಚರ್ಯವಿಲ್ಲ. ಮೊದಲ ರಾತ್ರಿಯೇ ನಮಗೆ ಮೊಟ್ಟೆಯೂ ಬೇಡ ಅಂತ ಹೇಳಿಟ್ಟರೆ ಮರುದಿನದಿಂದ ಅಡುಗೆಮನೆಯಿಂದ ಏನಾದರೂ ಮಾಡಿಸಿ ತರುತ್ತಾನೆ. ಈ ಪರಿಚಯ ಫಾರ್ಮಲ್ ರಾತ್ರಿ ಕೂಡ ಉಪಯೋಗಕ್ಕೆ ಬರುತ್ತದೆ. ಮಗುವಿನ ಪಾಸ್ತಾ ಮೊದಲು ತಂದುಕೊಡಿ ಅಂದರೆ ತಂದುಕೊಡುತ್ತಾನೆ.

ಮಧ್ಯದ ದಾರಿಯೂ ಇದೆ. ಚೆನ್ನಾಗಿ ಉಟ್ಟು, ಫೋಟೋ ತೆಗೆಸಿಕೊಂಡು, ಆಮೇಲೆ ಬಟ್ಟೆ ಬದಲಿಸಿ ಬಫೆಗೆ ಹೋಗುವುದು. ಫಾರ್ಮಲ್ ರಾತ್ರಿ ಮೆಟ್ಟಿಲ ಹತ್ತಿರ ಪರದೆ ಕಟ್ಟಿ ಹಡಗಿನ ಫೋಟೋಗ್ರಾಫರ್‌ಗಳು ನಿಂತಿರುತ್ತಾರೆ. ನಿಂತು ತೆಗೆಸಿಕೊಳ್ಳಲು ದುಡ್ಡಿಲ್ಲ, ಪ್ರಿಂಟ್ ಬೇಕೆಂದರೆ ಮಾತ್ರ ಕೈ ಸುಡುತ್ತದೆ. ಬೇಡ ಅನ್ನಿಸಿದರೆ ಪಕ್ಕದಲ್ಲಿ ಹೋಗುವವರ ಕೈಗೆ ನಿಮ್ಮ ಫೋನ್ ಕೊಡಿ.

ಇಸ್ತ್ರಿ, ಹ್ಯಾಂಗರ್, ಯಾವ ದಿನ

ಮನೆಯಿಂದ ಇಸ್ತ್ರಿ ಪೆಟ್ಟಿಗೆಯನ್ನಾಗಲಿ, ಸ್ಟೀಮರನ್ನಾಗಲಿ ತೆಗೆದುಕೊಂಡು ಹೋಗಬೇಡಿ. ಬೆಂಕಿಯ ಭಯದಿಂದ ಹಡಗಿನವರು ಇವನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ. ಹತ್ತುವಾಗಲೇ ಸ್ಕ್ಯಾನರಿನಲ್ಲಿ ಹಿಡಿದು ಎತ್ತಿಟ್ಟುಕೊಂಡು ಇಳಿಯುವ ದಿನ ವಾಪಸ್ ಕೊಡುತ್ತಾರೆ. ಕ್ಯೂನಾರ್ಡ್, ಪ್ರಿನ್ಸೆಸ್, ಡಿಸ್ನಿ ಹಡಗುಗಳಲ್ಲಿ, ಕಾರ್ನಿವಲ್‌ನ ಹೆಚ್ಚಿನ ಹಡಗುಗಳಲ್ಲಿ ಪ್ರಯಾಣಿಕರೇ ಬಳಸುವ ಲಾಂಡ್ರಿ ಕೋಣೆ ಇದೆ, ಅಲ್ಲಿ ಇಸ್ತ್ರಿ ಮಾಡಬಹುದು. ಫಾರ್ಮಲ್ ರಾತ್ರಿಯ ಸಂಜೆ ಅಲ್ಲಿ ಸಾಲು ನಿಂತಿರುತ್ತಾರೆ, ಬೆಳಿಗ್ಗೆಯೇ ಮುಗಿಸಿಕೊಳ್ಳಿ. ರಾಯಲ್ ಕೆರಿಬಿಯನ್‌ನಲ್ಲಿ ಅಂಥ ಕೋಣೆ ಇಲ್ಲ, ದುಡ್ಡು ಕೊಟ್ಟು ಮಾಡಿಸಬೇಕು. ಸಣ್ಣ ಸುಕ್ಕಾದರೆ ಬಾತ್‌ರೂಮಿನಲ್ಲಿ ಬಿಸಿನೀರಿನ ಹಬೆಯ ಹತ್ತಿರ ತೂಗುಹಾಕಿದರೆ ಬಿಡುತ್ತದೆ. ಜರಿ ರೇಷ್ಮೆಗೆ ನೀರು ಸಿಡಿಯದಂತೆ ಬಾಗಿಲಿನ ಕಡೆ ಹಾಕಿ.

ಕ್ಯಾಬಿನ್ನಿನ ಗೋಡೆಗಳು ಹೆಚ್ಚಾಗಿ ಲೋಹದವು. ಐದಾರು ಮ್ಯಾಗ್ನೆಟ್ ಕೊಕ್ಕೆ ಜೊತೆಗೊಯ್ದರೆ ಸೂಟು, ಸೀರೆ, ಮಕ್ಕಳ ಜುಬ್ಬಾ ಎಲ್ಲ ಗೋಡೆಗೇ ತೂಗುಹಾಕಬಹುದು. ಬೀರು ಚಿಕ್ಕದು, ಹ್ಯಾಂಗರ್ ಎಣಿಸಿದಷ್ಟು.

ಮೊದಲ ರಾತ್ರಿ ಸಾಮಾನ್ಯವಾಗಿ ಫಾರ್ಮಲ್ ಇರುವುದಿಲ್ಲ. ಹತ್ತುವಾಗ ಕೊಟ್ಟ ದೊಡ್ಡ ಸೂಟ್‌ಕೇಸ್ ಕ್ಯಾಬಿನ್ನಿಗೆ ಬರಲು ಕೆಲವು ಸಲ ಸಂಜೆಯೇ ಆಗುತ್ತದೆ. ಹೆಚ್ಚಾಗಿ ಎರಡನೆಯ ರಾತ್ರಿ, ಅಂದರೆ ಹಡಗು ಎಲ್ಲೂ ನಿಲ್ಲದೆ ಸಮುದ್ರದಲ್ಲೇ ಇರುವ ದಿನ ಇಡುತ್ತಾರೆ. ಹಡಗಿನ ಆ್ಯಪ್‌ನಲ್ಲಿ ನೋಡಿದರೆ ಯಾವ ದಿನ ಅಂತ ಗೊತ್ತಾಗುತ್ತದೆ. ಎರಡು ಫಾರ್ಮಲ್ ರಾತ್ರಿ ಇದ್ದರೂ ಎರಡು ಸೂಟ್ ಬೇಡ. ಶರ್ಟ್ ಬದಲಿಸಿ. ಸೀರೆಗೂ ಅಷ್ಟೇ, ಬೇರೆ ರವಿಕೆ ಸಾಕು. ಕೊನೆಯ ರಾತ್ರಿಯೂ ಫಾರ್ಮಲ್ ಇರುವುದಿಲ್ಲ. ಆ ರಾತ್ರಿ ಸೂಟ್‌ಕೇಸ್‌ಗಳನ್ನು ಪ್ಯಾಕ್ ಮಾಡಿ ಕ್ಯಾಬಿನ್ನಿನ ಹೊರಗೆ ಇಡಬೇಕು, ಸಿಬ್ಬಂದಿ ತೆಗೆದುಕೊಂಡು ಹೋಗುತ್ತಾರೆ. ರೇಷ್ಮೆ, ಕೋಟು ಎಲ್ಲ ಒಳಗೆ ಹಾಕುವ ಭರದಲ್ಲಿ ಬೆಳಿಗ್ಗೆ ಇಳಿಯುವಾಗ ಹಾಕುವ ಬಟ್ಟೆ, ಮಕ್ಕಳ ಶೂ ಹೊರಗೆ ಉಳಿಸಿಕೊಂಡಿದ್ದೀರಾ ಅಂತ ಒಮ್ಮೆ ನೋಡಿಕೊಂಡು ಬಾಗಿಲು ಹಾಕಿ.